ಒಳ್ಳೆಯ ಬಾಳಂತಿ

ಕಳೆದ ವಾರ ನಮ್ಮ ಕಟ್ಟಡದ ಮೆಟ್ಟಿಲು ಹತ್ತುತ್ತಿರುವಾಗ ಎರಡನೆಯ ಮಾಳಿಗೆಯ ಹತ್ತಿರ ಮೆಂತ್ಯದ ಗಂಜಿಯ ಪರಿಮಳ ಮೂಗಿಗೆ ಬಡಿಯಿತು. ಮೆಂತ್ಯ, ಅಕ್ಕಿ, ತೆಂಗಿನ ಹಾಲು, ಬೆಲ್ಲ ಒಟ್ಟಿಗೆ ಕುದಿಯುವ ಈ ಪರಿಮಳಕ್ಕೆ ನಮ್ಮ ಕೊಂಕಣಿ ಕ್ರೈಸ್ತರ ಮನೆಗಳಲ್ಲಿ ಒಂದೇ ಅರ್ಥ: ಒಳಗೆ ಬಾಳಂತಿ ಇದ್ದಾಳೆ. ನಾನು ಉಸಿರು ತೆಗೆದುಕೊಳ್ಳಲು ನಿಂತದ್ದನ್ನು ಕಂಡು ಆ ಮನೆಯಾಕೆ ಬಾಗಿಲು ತೆರೆದರು. ಮಗಳು ಹೆತ್ತು ಹನ್ನೊಂದು ದಿನವಾಯಿತಂತೆ. “ತುಂಬಾ ಒಳ್ಳೆಯ ಬಾಳಂತಿ ಸಿಸ್ಟರ್. ಒಂದು ಸದ್ದಿಲ್ಲ, ಒಂದು ರಗಳೆ ಇಲ್ಲ” ಎಂದರು. ನಾನು ಕರೆಯದೆಯೇ ಚಪ್ಪಲಿ ಬಿಟ್ಟು ಒಳಗೆ ಹೋದೆ. ಹುಡುಗಿಯ ಮಂಚದ ಪಕ್ಕ ಅರ್ಧ ಗಂಟೆ ಕೂತು, ಕೇಳಬೇಕಾದ್ದನ್ನು ಕೇಳಿ ಬಂದೆ. ಅವಳಿಗೆ ಏನೂ ಆಗಿರಲಿಲ್ಲ, ಮಾತು ಕಡಿಮೆಯ ಹುಡುಗಿ ಅಷ್ಟೆ. ಆದರೆ ‘ಒಳ್ಳೆಯ ಬಾಳಂತಿ’ ಎಂಬ ಮಾತು ಕಿವಿಗೆ ಬಿದ್ದರೆ ನನಗೆ ಅಲ್ಲಿಂದ ಸುಮ್ಮನೆ ಮುಂದೆ ಹೋಗಲು ಆಗುವುದಿಲ್ಲ. ಅದಕ್ಕೆ ಕಾರಣ ನನ್ನ ತಂಗಿ ಲಿಲ್ಲಿ, ಮತ್ತು ಅರವತ್ತರ ದಶಕದ ಆರಂಭದ ಒಂದು ಮಳೆಗಾಲ.

ಆಗ ಕರಾವಳಿ ಪೇಟೆಯ ನಮ್ಮ ಈ ಉರ್ವದಲ್ಲಿ ಇಂಥ ಕಟ್ಟಡಗಳಿರಲಿಲ್ಲ. ಹಂಚಿನ ಮನೆ, ಮನೆಯ ಮುಂದೆ ಬಾವಿ, ಬಾವಿಯ ಪಕ್ಕ ಎರಡು ತೆಂಗು, ಒಂದು ಹಲಸು. ಅಪ್ಪ ತೀರಿಹೋಗಿ ಕೆಲವು ವರ್ಷಗಳಾಗಿದ್ದವು. ಮನೆಯಲ್ಲಿ ಅಮ್ಮ ಮತ್ತು ನಾನು. ನನಗೆ ಇಪ್ಪತ್ತೇಳು, ಮದುವೆಯಾಗಿರಲಿಲ್ಲ. ಊರಿನ ಒಂದು ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ನರ್ಸ್ ಆಗಿದ್ದೆ. ಕಲಿತು ಬಂದವಳು ಎಂಬ ಗರ್ವ ನನ್ನ ಬಿಳಿ ಟೋಪಿಗಿಂತ ಹೆಚ್ಚು ಗಂಜಿ ಹಾಕಿಸಿಕೊಂಡು ನೆಟ್ಟಗೆ ನಿಂತಿತ್ತು. ನೆರೆಕರೆಯಲ್ಲಿ ಯಾರಿಗೆ ಕೆಮ್ಮಾದರೂ ನಾನೇ ಹೋಗಿ ಬುದ್ಧಿ ಹೇಳಿ ಬರುತ್ತಿದ್ದೆ.

ಲಿಲ್ಲಿ ನನಗಿಂತ ನಾಲ್ಕು ವರ್ಷ ಸಣ್ಣವಳು. ನಮ್ಮಲ್ಲಿ ಅಕ್ಕನನ್ನು ಕರೆಯುವಂತೆ ನನ್ನನ್ನು ‘ಬಾಯ್’ ಎಂದು ಕರೆಯುತ್ತಿದ್ದಳೇ ಹೊರತು, ಅಕ್ಕನೆಂಬ ಭಯ ಅವಳಿಗೆ ಎಳ್ಳಷ್ಟೂ ಇರಲಿಲ್ಲ. ಅವಳದು ದೊಡ್ಡ ಸ್ವರ. ಮೀನಿನವಳ ಹತ್ತಿರ ಬಂಗುಡೆಗೆ ಚೌಕಾಸಿ ಮಾಡಿದರೆ ರಸ್ತೆಯ ಆಚೆಯವರಿಗೂ ಆ ದಿನದ ಕ್ರಯ ಗೊತ್ತಾಗುತ್ತಿತ್ತು. ಅವಳನ್ನು ನೇತ್ರಾವತಿಯ ಆಚೆ, ತೊಕ್ಕೊಟ್ಟಿನ ಹತ್ತಿರದ ವಿನ್ಸೆಂಟ್ ಎಂಬವನಿಗೆ ಕೊಟ್ಟಿದ್ದೆವು. ಹಂಚಿನ ಕಾರ್ಖಾನೆಯಲ್ಲಿ ಮೇಸ್ತ್ರಿ, ಒಳ್ಳೆಯ ಹುಡುಗ. ಆಗ ನದಿಗೆ ರಸ್ತೆಯ ಸೇತುವೆ ಆಗಿರಲಿಲ್ಲ, ದೋಣಿಯಲ್ಲಿ ದಾಟಿ ಬರಬೇಕಿತ್ತು. ಮೊದಲ ಹೆರಿಗೆ ತವರಿನಲ್ಲಿ ಎಂಬ ಪದ್ಧತಿಯಂತೆ ಏಳನೆಯ ತಿಂಗಳಲ್ಲಿ ಲಿಲ್ಲಿ ನಮ್ಮಲ್ಲಿಗೆ ಬಂದಳು. ಮಳೆ ಶುರುವಾಗಿ ಒಂದು ವಾರವಾಗಿರಬಹುದು, ನನ್ನದೇ ವಾರ್ಡಿನಲ್ಲಿ, ನನ್ನ ಕೈಯಲ್ಲೇ, ಹೆಣ್ಣು ಮಗು ಹುಟ್ಟಿತು. ತೊಂದರೆಯಿಲ್ಲದ ಹೆರಿಗೆ. ನಾನೇ ಹೆತ್ತವಳ ಹಾಗೆ ಆಸ್ಪತ್ರೆಯೆಲ್ಲ ಸಿಹಿ ಹಂಚಿದೆ.

ಆಮೇಲೆ ಬಾಳಂತನದ ನಲವತ್ತು ದಿನ. ಈಗಿನವರಿಗೆ ಹೇಳಿದರೆ ನಗುತ್ತಾರೆ, ಆಗ ಅದು ನಗುವ ವಿಷಯ ಆಗಿರಲಿಲ್ಲ. ಬಾಳಂತಿ ಒಳಕೋಣೆಯಲ್ಲೇ ಇರಬೇಕು. ಕಿಟಕಿ ಮುಚ್ಚಿರಬೇಕು. ಕಿವಿಗೆ ಹತ್ತಿ, ತಲೆಗೆ ಬಟ್ಟೆ. ಓದಬಾರದು, ಹೊಲಿಯಬಾರದು, ಕಣ್ಣಿಗೆ ಆಗುವುದಿಲ್ಲ. ಜೋರಾಗಿ ಮಾತಾಡಬಾರದು, ವಾಯು ಹಿಡಿಯುತ್ತದೆ. ನಗುವುದೂ ಮಿತಿಯಲ್ಲಿ. ಮಲಗಿರಬೇಕು, ಕೊಟ್ಟದ್ದನ್ನು ತಿನ್ನಬೇಕು, ಹೇಳಿದ್ದನ್ನು ಕೇಳಬೇಕು. ದಿನಾ ಬೆಳಿಗ್ಗೆ ಬಾಗಿ ಎಂಬ ಮುದುಕಿ ಬಂದು ಎಣ್ಣೆ ತಿಕ್ಕಿ, ನೆಕ್ಕಿ ಸೊಪ್ಪು ಹಾಕಿ ಕುದಿಸಿದ ಹಂಡೆಯ ನೀರನ್ನು ಬೊಗಸೆಯಿಂದ ರಪರಪನೆ ಬೆನ್ನಿಗೆ ಹೊಡೆದು ಮೀಯಿಸುತ್ತಿದ್ದಳು. ನಾವಿಬ್ಬರೂ ಹುಟ್ಟಿದಾಗ ಅಮ್ಮನನ್ನು ಮೀಯಿಸಿದವಳೂ ಅವಳೇ.

ಲಿಲ್ಲಿಯಂಥ ಬಾಯಿಬಡಕಿಯನ್ನು ನಲವತ್ತು ದಿನ ಕೋಣೆಯಲ್ಲಿ ಕೂಡಿಹಾಕುವುದು ಹೇಗೆಂದು ಅಮ್ಮನಿಗೆ ಮೊದಲೇ ಚಿಂತೆಯಾಗಿತ್ತು. ಚಿಂತೆಗೆ ಕಾರಣವೇ ಉಳಿಯಲಿಲ್ಲ. ಮೊದಲ ವಾರ ಸ್ವಲ್ಪ ಅತ್ತಳು. ಹೆತ್ತವರು ಮೂರನೆಯ ನಾಲ್ಕನೆಯ ದಿನ ಅಳುವುದನ್ನು ನಾನು ವಾರ್ಡಿನಲ್ಲಿ ದಿನಾ ನೋಡುವವಳು, ಅದು ದೊಡ್ಡ ವಿಷಯವೆನಿಸಲಿಲ್ಲ. ಆಮೇಲೆ ಅಳುವೂ ನಿಂತಿತು, ಮಾತೂ ನಿಂತಿತು. ಮಲಗು ಎಂದರೆ ಮಲಗುತ್ತಿದ್ದಳು. ಏಳು ಎಂದರೆ ಏಳುತ್ತಿದ್ದಳು. ನೋಡಲು ಬಂದ ಹೆಂಗಸರೆಲ್ಲ ಅಮ್ಮನಿಗೆ, “ಎಮಿಲಿಬಾಯಿ, ನೀವು ಪುಣ್ಯ ಮಾಡಿದ್ದೀರಿ. ಎಂಥ ಬಾಳಂತಿ!” ಎಂದು ಹೇಳಿ ಹೋದರು. ಅಮ್ಮನ ಮುಖ ಅರಳುತ್ತಿತ್ತು.

ಎಲ್ಲರಿಗಿಂತ ಜೋರಾಗಿ ಹೊಗಳಿದವಳು ನಾನು. ವಾರ್ಡಿನಲ್ಲಿ ಯಾವಳಾದರೂ ‘ಮಲಗಿ ಮಲಗಿ ಬೇಸರ ಸಿಸ್ಟರ್’ ಎಂದರೆ, “ನನ್ನ ತಂಗಿಯನ್ನು ಬಂದು ನೋಡಿ. ಒಂದು ಮಾತಿಲ್ಲ. ಬಾಳಂತಿ ಅಂದರೆ ಹಾಗಿರಬೇಕು” ಎನ್ನುತ್ತಿದ್ದೆ. ಅದನ್ನೇ ಮನೆಗೆ ಬಂದು ಲಿಲ್ಲಿಯ ಮಂಚದ ಹತ್ತಿರ ನಿಂತು, ಈವತ್ತು ಇಂಥವಳಿಗೆ ನಿನ್ನ ವಿಷಯ ಹೇಳಿದೆ ಎಂದು ವರದಿಯನ್ನೂ ಒಪ್ಪಿಸುತ್ತಿದ್ದೆ. ಅವಳು ಸಣ್ಣಗೆ ನಗುತ್ತಿದ್ದಳು. ಆ ನಗುವನ್ನು ನಾನು ಸಂಕೋಚವೆಂದುಕೊಂಡೆ. ಲೋಕಕ್ಕೆಲ್ಲ ಶಕುನ ಹೇಳುವ ಹಲ್ಲಿ ತಾನು ಬಚ್ಚಲಿಗೆ ಬಿತ್ತಂತೆ ಎನ್ನುತ್ತಾರಲ್ಲ, ನಾನು ಬಿದ್ದದ್ದು ಹಾಗೆ.

ಕಣ್ಣಿಗೆ ಕಾಣದೆ ಏನೂ ಇರಲಿಲ್ಲ. ಬೆಳಗಿನ ಪಾಳಿಗೆ ನಾನು ಐದು ಗಂಟೆಗೆ ಏಳುವಾಗ ಲಿಲ್ಲಿಯ ಕಣ್ಣು ತೆರೆದೇ ಇರುತ್ತಿತ್ತು. ಮಗು ಗಾಢ ನಿದ್ದೆಯಲ್ಲಿ, ಇವಳು ಮಾಡಿನ ಹಂಚು ನೋಡುತ್ತ. ‘ತಾಯಿಯ ನಿದ್ದೆ ಅಂದರೆ ಹಾಗೇ, ಎಚ್ಚರ ಜಾಸ್ತಿ’ ಎಂದರು ಅಮ್ಮ. ಬೆಲ್ಲದ ಗಂಜಿಗೆ ಪ್ರಾಣ ಬಿಡುತ್ತಿದ್ದವಳು ಅರ್ಧ ಬಟ್ಟಲು ಉಳಿಸುತ್ತಿದ್ದಳು. ‘ಮಿತವಾಗಿ ತಿನ್ನುತ್ತಾಳೆ, ಮಗುವಿನ ಹೊಟ್ಟೆಗೆ ಒಳ್ಳೆಯದು’ ಎಂದುಕೊಂಡೆವು. ಮಗುವಿಗೆ ವಿನ್ಸೆಂಟನ ತಾಯಿಯ ಹೆಸರು, ಪಿಯಾದ್ ಎಂದು ಇಡುವುದೆಂದು ಅವರ ಮನೆಯಿಂದ ಸುದ್ದಿ ಬಂದಾಗ, ಮದುವೆಗೆ ಮೊದಲೇ ‘ಸತ್ತರೂ ಆ ಹೆಸರು ಇಡುವುದಿಲ್ಲ’ ಎಂದು ಹಾರಾಡಿದ್ದ ಹುಡುಗಿ, “ನಿಮಗೆ ಹೇಗೆ ಕಾಣುತ್ತದೋ ಹಾಗೆ ಮಾಡಿ” ಎಂದಳು. ಗಂಡನ ಮನೆಗೆ ಹೊಂದಿಕೊಂಡಳಲ್ಲ ಎಂದು ಅಮ್ಮ ಶಿಲುಬೆಯ ಗುರುತು ಹಾಕಿಕೊಂಡರು. ವಿನ್ಸೆಂಟ್ ಆದಿತ್ಯವಾರ ಬಂದಾಗ, ನದಿಯಲ್ಲಿ ನೀರು ಜಾಸ್ತಿ ಉಂಟು, ಇನ್ನು ಬರುವುದು ಬೇಡ ಎಂದಳಂತೆ. ಎಷ್ಟು ಕಾಳಜಿ! ದಿನಕ್ಕೆ ಮೂರು ಸಲವಾದರೂ, “ನನ್ನಿಂದ ನಿಮಗೆಲ್ಲ ಎಷ್ಟು ಕಷ್ಟ” ಎನ್ನುತ್ತಿದ್ದಳು. ಎಷ್ಟು ವಿನಯ!

ಹೀಗೆ ಮೂರೂವರೆ ವಾರ ಕಳೆಯಿತು. ಮಳೆ ಬಿಟ್ಟದ್ದೇ ಇಲ್ಲ. ಒಗೆದ ಬಾಳಂತಿ ಬಟ್ಟೆಗಳನ್ನು ಒಲೆಯ ಮೇಲೆ ಹಗ್ಗ ಕಟ್ಟಿ ಒಣಗಿಸುತ್ತಿದ್ದೆವು, ಮನೆಯಿಡೀ ಹೊಗೆ ಮತ್ತು ಲೋಬಾನದ ವಾಸನೆ.

ಆ ವಾರ ಹೆಂಗಸರ ವಾರ್ಡಿನ ನರ್ಸಿಗೆ ಜ್ವರ ಬಂದು ಅವಳ ಜಾಗಕ್ಕೆ ನನ್ನನ್ನು ಹಾಕಿದರು. ಅಲ್ಲಿ ಐಸಮ್ಮ ಎಂಬ, ನಮ್ಮ ಕರಾವಳಿಯ ಬ್ಯಾರಿ ಮುಸ್ಲಿಮರ ಹೆಂಗಸು ಹತ್ತು ದಿನಗಳಿಂದ ಇದ್ದರು. ಬಂದರಿನಲ್ಲಿ ಅಕ್ಕಿ ವ್ಯಾಪಾರ ಮಾಡುವ ಅನುಕೂಲಸ್ಥರ ಮನೆ. ಒಳ್ಳೆಯ ಗಂಡ, ಒಳ್ಳೆಯ ಮಕ್ಕಳು, ಮನೆತುಂಬ ಮೊಮ್ಮಕ್ಕಳು. ಆಕೆಗೆ ಒಂದು ದಿನ ಬೆನ್ನುನೋವು, ಒಂದು ದಿನ ಎದೆಭಾರ, ಒಂದು ದಿನ ತಲೆಯಲ್ಲಿ ಉರಿ. ರಕ್ತ, ಮೂತ್ರ, ಎಕ್ಸ್‌ರೇ, ಯಾವುದರಲ್ಲೂ ಏನೂ ಇಲ್ಲ. ನರ್ಸುಗಳ ಕೋಣೆಯಲ್ಲಿ ಆಕೆಗೆ ‘ಸುಮ್ಮನೆ ಐಸಮ್ಮ’ ಎಂದು ಹೆಸರು ಬಿದ್ದಿತ್ತು. ನಾನೂ ನಕ್ಕಿದ್ದೆ.

ಆ ವರ್ಷ ನಮ್ಮಲ್ಲಿಗೆ ಧಾರವಾಡ ಕಡೆಯ ಒಬ್ಬ ಡಾಕ್ಟರು ಬಂದಿದ್ದರು. ಬೆಂಗಳೂರಿನಲ್ಲಿ ಮನಸ್ಸಿನ ಕಾಯಿಲೆಗಳ ವಿಷಯ ಕಲಿತು ಬಂದವರು. ಸಣ್ಣ ಪ್ರಾಯ, ಗಟ್ಟಿ ಮೀಸೆ. ಅವರ ಕನ್ನಡ ನಮಗೆ ಅರ್ಧ ಅರ್ಥವಾಗುತ್ತಿತ್ತು, ನಮ್ಮದು ಅವರಿಗೆ ಕಾಲುಭಾಗ. ಅವರು ಐಸಮ್ಮನ ಮಂಚದ ಪಕ್ಕ ಸ್ಟೂಲು ಎಳೆದುಕೊಂಡು ಕೂತು ನನ್ನನ್ನು ಕರೆದರು.

“ಸಿಸ್ಟರ್, ಸ್ವಲ್ಪ ಇಲ್ಲಿ ಬರ್ರಿ. ಈ ತಾಯಿಗೆ ನನ್ನ ಮಾತು ತಿಳಿಯವಲ್ದು. ನಾ ಕೇಳಿದ್ದನ್ನ ನೀವು ತುಳುದಾಗ ಕೇಳ್ರಿ. ರಾತ್ರಿ ನಿದ್ದಿ ಹ್ಯಾಂಗ ಬರ್ತದಂತ?”

ಕೇಳಿದೆ. ಐಸಮ್ಮ ಹೇಳಿದರು, “ನಿದ್ದೆ ಬರ್ತದೆ ಮಗಳೇ. ಬೆಳಗಿನ ಮೂರು ಗಂಟೆಗೆ ಬಿಟ್ಟು ಹೋಗ್ತದೆ. ಮತ್ತೆ ಬೆಳಗಾಗುವವರೆಗೆ ಮಾಡು ನೋಡಿಕೊಂಡು ಇರುವುದು.”

ನಾನು ಕನ್ನಡದಲ್ಲಿ ಒಪ್ಪಿಸಿದೆ. ಊಟ ರುಚಿಸುತ್ತದೆಯೇ? ಇಲ್ಲ, ಬಾಯಲ್ಲಿ ಹೊಟ್ಟು ಹಾಕಿದ ಹಾಗೆ. ಮೊದಲು ಏನು ಮಾಡಿದರೆ ಖುಷಿಯಾಗುತ್ತಿತ್ತು, ಈಗಲೂ ಅದು ಬೇಕೆನಿಸುತ್ತದೆಯೇ? ಐಸಮ್ಮ ಯೋಚಿಸಿದರು. “ಮೊಮ್ಮಕ್ಕಳು ಅಂದರೆ ನನಗೆ ಜೀವ. ಈಗ ಬಂದರೂ ಸೈ, ಬಾರದಿದ್ದರೂ ಸೈ. ಪಾಪ, ನನ್ನಿಂದ ಅವರಿಗೆಲ್ಲ ಎಷ್ಟು ಕಷ್ಟ.”

ಈ ಕೊನೆಯ ಮಾತನ್ನು ಕನ್ನಡಕ್ಕೆ ತರುವಾಗ ನನ್ನ ನಾಲಿಗೆ ತಡವರಿಸಿತು. ಅದನ್ನು ನಾನು ಆ ದಿನ ಬೆಳಿಗ್ಗೆಯಷ್ಟೇ ಕೇಳಿದ್ದೆ, ಉರ್ವದ ನಮ್ಮ ಮನೆಯಲ್ಲಿ, ಕೊಂಕಣಿಯಲ್ಲಿ.

“ಇನ್ನೊಂದು ಕೇಳ್ರಿ. ಬದುಕೇ ಬ್ಯಾಡ ಅಂತ ಯಾವಾಗರ ಅನಿಸ್ಯದೇನು?”

ಇದನ್ನೆಲ್ಲ ಕೇಳುವುದುಂಟೇ? ಡಾಕ್ಟರು ನನ್ನ ಮುಖ ನೋಡಿ ಮೆತ್ತಗೆ, “ಅಂಜಬ್ಯಾಡ್ರಿ. ಕೇಳಿದ್ರ ಆ ವಿಚಾರ ಹೊಸದಾಗಿ ಹುಟ್ಟೂದಿಲ್ಲ. ಒಳಗ ಇದ್ರ ಹೊರಗ ಬರ್ತದ, ಅಷ್ಟ” ಎಂದರು. ಕೇಳಿದೆ. ಐಸಮ್ಮ ಸೆರಗಿನಿಂದ ಕಣ್ಣು ಒತ್ತಿಕೊಂಡು ನನ್ನ ಕೈ ಹಿಡಿದುಕೊಂಡರು. ಹತ್ತು ದಿನಗಳಲ್ಲಿ ಆಕೆ ಅತ್ತದ್ದು ಅದೇ ಮೊದಲು. ‘ಸುಮ್ಮನೆ’ ಎಂದು ನಕ್ಕಿದ್ದಕ್ಕೆ ನನಗೆ ನಾಚಿಕೆಯಾಯಿತು.

ಹೊರಗೆ ಬಂದ ಮೇಲೆ ವರಾಂಡದಲ್ಲಿ ಡಾಕ್ಟರನ್ನು ನಿಲ್ಲಿಸಿ, ಇದು ಎಂಥ ಕಾಯಿಲೆ ಎಂದು ಕೇಳಿದೆ. “ಖಿನ್ನತಾ” ಎಂದರು. “ನಮ್ಮ ಮಂದಿಗೆ ಎರಡೇ ಗೊತ್ತು ನೋಡ್ರಿ. ಅತ್ರ ದುಃಖ, ಚೀರಿದ್ರ ಹುಚ್ಚು. ಇದು ಎರಡೂ ಅಲ್ಲ. ಕೆಲವರಿಗೆ ಸಾವು ನೋವು ಆದ ಮ್ಯಾಲೆ ಬರ್ತದ. ಕೆಲವರಿಗೆ ಏನೂ ಕಾರಣ ಇಲ್ದ ಬರ್ತದ. ಈ ತಾಯಿಗೆ ಮೈನೋವಿನ ವೇಷ ಹಾಕ್ಕೊಂಡು ಬಂದದ. ಕೆಲವರು ನಿದ್ದೀನ ಇಲ್ಲ ಅಂತಾರ, ಕೆಲವರು ಹಾಸಿಗಿ ಬಿಟ್ಟು ಏಳೂದೇ ಇಲ್ಲ. ಇನ್ನ ಹಡದವರಿಗೆ ಬರೂದು ಒಂದು ಅದ. ಮೊದಲನೇ ವಾರದಾಗ ಅಳ್ತಾರಲ್ಲ, ಅದು ತಾನ ಹೋಗ್ತದ. ಎರಡು ವಾರ ಕಳದ್ರೂ ಮನಸು ಏಳಲಿಲ್ಲಂದ್ರ ಹುಷಾರಾಗಿ ನೋಡಬೇಕು. ಆದ್ರ ಅದನ್ನ ನಾ ನಿಮಗ ಹೇಳೂದೇನು? ನೀವು ಹೆರಿಗಿ ವಾರ್ಡಿನವರು.”

ಆ ದಿನ ಹಂಪನಕಟ್ಟೆಯಲ್ಲಿ ಬಸ್ಸಿಗೆ ಕಾದು ನಿಂತಾಗ ಕೊಡೆ ಬಿಡಿಸಲೂ ನೆನಪಾಗಲಿಲ್ಲ, ಹತ್ತಿರವಿದ್ದವರು ಯಾರೋ ಹೇಳಿದ ಮೇಲೆ ಬಿಡಿಸಿದೆ.

ಮನೆಯಲ್ಲಿ ಲಿಲ್ಲಿಯನ್ನು ಒಬ್ಬಳೇ ಸಿಕ್ಕಿಸಿಕೊಳ್ಳುವುದು ಸುಲಭವಿರಲಿಲ್ಲ. ಕೋಣೆಯಲ್ಲಿ ಸದಾ ಅಮ್ಮ, ಇಲ್ಲವೇ ನೋಡಲು ಬಂದವರು. ಮರುದಿನ ರಜೆ ಹಾಕಿದೆ. ಬೆಳಿಗ್ಗೆ ಬಾಗಿ ಬಂದಾಗ ಅಂಗಳದಲ್ಲೇ ತಡೆದು, ಈವತ್ತು ನಾನೇ ಮೀಯಿಸುತ್ತೇನೆ ಎಂದೆ. ಅವಳು ತಲೆಯಿಂದ ಪಾದದವರೆಗೆ ನನ್ನನ್ನು ನೋಡಿದಳು.

“ಮೀಯಿಸಿ ಸಿಸ್ಟರಮ್ಮ. ಆದರೆ ಒಂದು ಮಾತು ಉಂಟು. ನಾನು ಎಷ್ಟೋ ಬಾಳಂತಿಯರನ್ನು ಮೀಯಿಸಿದವಳು. ಬಿಸಿನೀರು ಬೆನ್ನಿಗೆ ಬಿದ್ದ ಕೂಡಲೇ ಎಲ್ಲರೂ ನನ್ನನ್ನು ಬೈತಾರೆ. ನಿಮ್ಮ ಅಮ್ಮ ಬೈದದ್ದು ಈಗಲೂ ಕಿವಿಯಲ್ಲಿ ಉಂಟು. ಈ ಮಗಳು ಒಂದು ದಿನವೂ ಬೈಲಿಲ್ಲ. ಸುಟ್ಟರೂ ಗೊತ್ತಾಗದವರ ಹಾಗೆ ಕೂತ್ಕೊಳ್ತಾಳೆ. ನನಗೆ ಹೆದರಿಕೆ ಆಗ್ತದೆ.”

“ಮೊದಲೇ ಯಾಕೆ ಹೇಳಲಿಲ್ಲ ಮಾರಾಯ್ತಿ?”

“ನೀವು ಕಲಿತವರು ಇದ್ದೀರಲ್ಲ, ನಿಮಗೆ ಗೊತ್ತಿಲ್ಲದ್ದು ಎಂತ ಉಂಟು ಅಂತ ಸುಮ್ಮನಾದೆ.”

ಬಚ್ಚಲಿನ ಬಾಗಿಲು ಮುಚ್ಚಿದೆ. ಲಿಲ್ಲಿ ಮಣೆಯ ಮೇಲೆ ಕೂತಿದ್ದಳು. ಎರಡು ಬೊಗಸೆ ನೀರು ಹೊಯ್ದೆ. ಬಾಗಿ ಹೇಳಿದ್ದು ನಿಜ, ಅವಳ ಬೆನ್ನು ಅಲುಗಲಿಲ್ಲ. ನಾನು ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತು ಎರಡೂ ಕಿವಿಯ ಹತ್ತಿ ತೆಗೆದೆ.

“ಲಿಲ್ಲಿ, ನಿದ್ದೆ ಎಷ್ಟು ಗಂಟೆಗೆ ಹೋಗ್ತದೆ?”

ಅವಳು ನನ್ನನ್ನೇ ನೋಡಿದಳು. ನಿದ್ದೆ ಬರುತ್ತದಾ ಎಂದು ಎಲ್ಲರೂ ಕೇಳಿದ್ದರು. ಎಷ್ಟು ಗಂಟೆಗೆ ಹೋಗುತ್ತದೆ ಎಂದು ಯಾರೂ ಕೇಳಿರಲಿಲ್ಲ.

“ಮೂರಕ್ಕೆ,” ಎಂದಳು. ಆಮೇಲೆ ಹಂಡೆಯ ಬೆಂಕಿಯ ಕಡೆ ತಿರುಗಿ ತಾನಾಗಿಯೇ ಹೇಳತೊಡಗಿದಳು. ಮಗುವನ್ನು ಎತ್ತಿಕೊಂಡಾಗ ಏನೂ ಅನಿಸುವುದಿಲ್ಲವಂತೆ. ಪಕ್ಕದ ಮನೆಯ ಮಗುವನ್ನು ಹಿಡಿದುಕೋ ಎಂದು ಕೊಟ್ಟ ಹಾಗಂತೆ. ಎಲ್ಲ ತಾಯಂದಿರಿಗೂ ಬರುವುದು ತನಗೆ ಮಾತ್ರ ಬಂದಿಲ್ಲ, ತಾನು ಎಂಥ ಹೆಂಗಸು. ಈ ಮಗುವಿಗೆ ಬೇರೆ ಯಾರಾದರೂ ತಾಯಿಯಾಗಿದ್ದರೆ ಒಳ್ಳೆಯದಿತ್ತು. ನಾನು ಡಾಕ್ಟರ ಕೊನೆಯ ಪ್ರಶ್ನೆಯನ್ನು ಕೇಳಿದೆ. ಐಸಮ್ಮನ ಹತ್ತಿರ ತುಳುವಿನಲ್ಲಿ ಕೇಳಿದಾಗ ಅಷ್ಟು ಕಷ್ಟವಾಗಿರಲಿಲ್ಲ.

“ರಾತ್ರಿ ಮಲಗಿದರೆ ಬೆಳಿಗ್ಗೆ ಏಳುವುದೇ ಬೇಡ ಅಂತ ದಿನಾ ಪ್ರಾರ್ಥನೆ ಮಾಡ್ತೇನೆ ಬಾಯ್,” ಎಂದಳು. ಸ್ವರದಲ್ಲಿ ಏರಿಳಿತವೇ ಇರಲಿಲ್ಲ.

“ನನ್ನ ಹತ್ತಿರ ಹೇಳಬಹುದಿತ್ತಲ್ಲ? ನಾನು ಪಕ್ಕದಲ್ಲೇ ಇದ್ದೆನಲ್ಲ?”

“ಹೇಗೆ ಹೇಳುವುದು? ನೀನು ಆಸ್ಪತ್ರೆಯಲ್ಲಿ ಎಲ್ಲರ ಹತ್ತಿರ, ನನ್ನ ತಂಗಿಯ ಹಾಗೆ ಇರಿ ಅಂತ ಹೇಳ್ತಿದ್ದೆ. ಬಂದು ನನಗೂ ಹೇಳ್ತಿದ್ದೆ. ಮತ್ತೆ ನಾನು ಎಂತ ಹೇಳುವುದು?”

ಅವಳು ದೂರಲಿಲ್ಲ, ಕೇಳಿದ್ದಕ್ಕೆ ಉತ್ತರ ಕೊಟ್ಟಳು ಅಷ್ಟೆ. ಅದಕ್ಕಿಂತ ದೊಡ್ಡ ಪೆಟ್ಟು ಈ ಜನ್ಮದಲ್ಲಿ ನನಗೆ ಬಿದ್ದಿಲ್ಲ. ನಾನು ಅವಳನ್ನು ಒದ್ದೆ ಮೈಯಲ್ಲೇ ತಬ್ಬಿಕೊಂಡು ಅತ್ತೆ. ಅವಳು ಅಳಲಿಲ್ಲ, ನನ್ನ ಬೆನ್ನು ತಟ್ಟುತ್ತ, ನಿನಗೂ ನನ್ನಿಂದ ಕಷ್ಟವಾಯಿತು ಎಂದಳು.

ಅಮ್ಮನಿಗೆ ಹೇಳಿದಾಗ ಅವರು ಮೊದಲು ನಂಬಲಿಲ್ಲ, ಆಮೇಲೆ ಸಿಟ್ಟಾದರು. “ಬಾಳಂತಿ ಸನ್ನಿ ಹಿಡಿದವರನ್ನು ನಾನು ನೋಡಿದ್ದೇನೆ. ಕಿರುಚುತ್ತಾರೆ, ಬಟ್ಟೆ ಹರಿಯುತ್ತಾರೆ. ಇವಳು ಎಷ್ಟು ಶಾಂತ ಇದ್ದಾಳೆ. ನೀನು ಆಸ್ಪತ್ರೆಯಿಂದ ಇಲ್ಲದ ಕಾಯಿಲೆ ಹೊತ್ತುಕೊಂಡು ಬರಬೇಡ.”

“ಇದು ಸನ್ನಿ ಅಲ್ಲ ಮಾಯ್. ಸದ್ದು ಮಾಡದೆ ಬರುವುದು.”

“ಮಂಡೆ ಡಾಕ್ಟರ ಹತ್ತಿರ ಹೋದಳು ಅಂತ ಗೊತ್ತಾದರೆ ವಿನ್ಸೆಂಟನ ಮನೆಯವರು ಇವಳನ್ನು ಇಲ್ಲೇ ಬಿಡ್ತಾರೆ. ನಿನ್ನನ್ನು ಯಾರು ಮದುವೆ ಆಗ್ತಾರೆ?”

“ನನ್ನನ್ನು ಈಗಲೂ ಯಾರೂ ಆಗ್ತಾ ಇಲ್ಲವಲ್ಲ,” ಎಂದೆ. ನಗುವ ಸಮಯವಾಗಿರಲಿಲ್ಲ, ಯಾರೂ ನಗಲಿಲ್ಲ. ನಾನು ನರ್ಸಿಂಗ್ ಪುಸ್ತಕದ ಮಾತುಗಳನ್ನೆಲ್ಲ ಹೇಳಿದೆ. ಅಮ್ಮ ತಲೆ ಅಲ್ಲಾಡಿಸುತ್ತಲೇ ಇದ್ದರು. ಕೊನೆಗೆ ಬಾಗಿಲ ಬಳಿ ಕೂತು ವೀಳ್ಯ ಹಾಕುತ್ತಿದ್ದ ಬಾಗಿ ಎದ್ದು ಬಂದು, ಅಂಗಳದಲ್ಲಿ ನನಗೆ ಹೇಳಿದ್ದನ್ನೇ ಅಮ್ಮನಿಗೆ ಹೇಳಿದಳು. ಬಿಸಿನೀರಿಗೆ ಬೈಯಲಿಲ್ಲ ಎಂಬ ಮಾತು ಕೇಳಿ ಅಮ್ಮನ ತಲೆ ಅಲ್ಲಾಡುವುದು ನಿಂತಿತು. ಮೂರು ವರ್ಷ ಕಲಿತ ನನ್ನ ವಿದ್ಯೆಗಿಂತ ಬಾಗಿಯ ಕೈಯ ಮೇಲೆ ಅವರಿಗೆ ನಂಬಿಕೆ. ಆ ದಿನ ನನಗೂ ಹಾಗೆಯೇ ಅನಿಸಿತು. ಆದರೂ ಒಂದು ಷರತ್ತು ಹಾಕಿದರು: ನಲವತ್ತು ದಿನ ಮುಗಿಯದೆ ಬಾಳಂತಿ ಹೊಸಿಲು ದಾಟುವುದಿಲ್ಲ, ಬೇಕಾದರೆ ಡಾಕ್ಟರೇ ಬರಲಿ.

ಬಂದರು. ಸಿಟಿ ಬಸ್ಸಿನಲ್ಲಿ ಇಳಿದು, ಕೆಸರಲ್ಲಿ ಒಂದು ಬೂಟು ಸಿಕ್ಕಿಸಿಕೊಂಡು ಬಂದರು. ಮೀನು ತಿನ್ನದವರಿಗೆ ಏನು ಕೊಡುವುದೆಂದು ತಿಳಿಯದೆ ಅಮ್ಮ ಒಂದು ಗೊನೆಯ ಅರ್ಧದಷ್ಟು ಬಾಳೆಹಣ್ಣು ಮುಂದಿಟ್ಟರು. ಅವರು ಲಿಲ್ಲಿಯ ಹತ್ತಿರ ಮುಕ್ಕಾಲು ಗಂಟೆ ಮಾತಾಡಿದರು. ಹೊರಗೆ ಬಂದು ಅಮ್ಮನಿಗೆ ಹೇಳಿದ್ದು ಇಷ್ಟು: “ತಾಯಿ, ನಿಮ್ಮ ಮಗಳಿಗೆ ಹುಚ್ಚಿಲ್ಲ. ಸೊಕ್ಕೂ ಅಲ್ಲ, ಪಾಪಾನೂ ಅಲ್ಲ. ಕಾಮಾಲಿ ಹ್ಯಾಂಗೋ ಹಾಂಗ ಇದೂ ಒಂದು ಬ್ಯಾನಿ. ವಾಸಿ ಆಗ್ತದ.” ಹೊಸದಾಗಿ ಬಂದ ಒಂದು ಮಾತ್ರೆಯನ್ನು ಮದ್ರಾಸಿನಿಂದ ತರಿಸಿಕೊಟ್ಟರು. ಗುಣ ಕಾಣಲು ಎರಡು ಮೂರು ವಾರ ಬೇಕು, ಅಲ್ಲಿಯವರೆಗೆ ಒಬ್ಬಳನ್ನೇ ಬಿಡಬೇಡಿ, ರಾತ್ರಿ ಮಗುವನ್ನು ಬೇರೆಯವರು ನೋಡಿ ಅವಳಿಗೆ ಮಲಗಲು ಬಿಡಿ, ಕಿಟಕಿ ತೆಗೆಯಿರಿ ಎಂದರು. ಮಾತ್ರೆಗಿಂತ ಕಿಟಕಿಯ ವಿಷಯದಲ್ಲಿ ಅಮ್ಮನನ್ನು ಒಪ್ಪಿಸುವುದು ಕಷ್ಟವಾಯಿತು.

ವಿನ್ಸೆಂಟನಿಗೆ ಹೇಳಬೇಕಾದವಳು ನಾನೇ. ಕಾರ್ಖಾನೆಯ ಗೇಟಿನ ಹೊರಗೆ, ಅವನ ಕೊಡೆಯ ಕೆಳಗೆ ನಿಂತು ಎಲ್ಲವನ್ನೂ ಹೇಳಿದೆ. ಈಗ ಬಿಟ್ಟುಬಿಡುತ್ತೇನೆ ಎನ್ನುತ್ತಾನೆ ಎಂದು ನಾನು ಜಗಳಕ್ಕೆ ಸಿದ್ಧಳಾಗುತ್ತಿದ್ದೆ.

“ಬರಬೇಡ ಅಂತ ಅವಳು ಹೇಳಿದ್ದಕ್ಕೆ ನನಗೆ ಸಿಟ್ಟು ಬಂದಿತ್ತು ಬಾಯ್,” ಎಂದ. “ಬೇಕೆಂತಲೇ ಎರಡು ಆದಿತ್ಯವಾರ ಬರಲಿಲ್ಲ. ಈಗ ನಾನು ಎಂತ ಮಾಡಬೇಕು ಹೇಳಿ.”

ಆಮೇಲೆ ಅವನು ದಿನಾ ಕೆಲಸ ಮುಗಿಸಿ ನಮ್ಮಲ್ಲಿಗೇ ಬಂದ. ತನ್ನ ತಾಯಿಗೆ ಮಾತ್ರ, ಲಿಲ್ಲಿಗೆ ರಕ್ತ ಕಡಿಮೆಯಾಗಿದೆ ಎಂದು ಹೇಳಿದ. ನಾನೂ ಆ ಸುಳ್ಳನ್ನು ತಿದ್ದಲಿಲ್ಲ. ಆ ಕಾಲದಲ್ಲಿ ನಮಗೆ ಇದ್ದ ಧೈರ್ಯ ಅಷ್ಟೇ.

ಮಾತ್ರೆ ಶುರುವಾದ ಮೊದಲ ವಾರ ಏನೂ ಬದಲಾಗಲಿಲ್ಲ, ಬಾಯಿ ಒಣಗುತ್ತದೆ ಎಂದು ಮಾತ್ರ ಹೇಳುತ್ತಿದ್ದಳು. ಅಮ್ಮ, ಬಾಗಿ, ವಿನ್ಸೆಂಟ್, ನಾನು, ಪಾಳಿ ಹಾಕಿಕೊಂಡು ಅವಳ ಹತ್ತಿರ ಕೂತೆವು. ಎರಡನೆಯ ವಾರದ ಕೊನೆಗೆ ಬೆಳಿಗ್ಗೆ ಐದಕ್ಕೆ ನಾನು ಎದ್ದಾಗ ಅವಳು ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದಳು. ನಾನು ಆ ದಿನ ಪಾಳಿಗೆ ತಡವಾಗಿ ಹೋದೆ, ಅದನ್ನೇ ನೋಡುತ್ತ ಕೂತಿದ್ದೆ. ಒಂದು ದಿನ ಗಂಜಿಯ ಬಟ್ಟಲು ಖಾಲಿಯಾಗಿತ್ತು. ಮತ್ತೆ ಎರಡು ದಿನ ಹಿಂದಿನಂತೆಯೇ ಮಂಕಾದಳು, ನಮ್ಮ ಜೀವ ಹೋಯಿತು. ಡಾಕ್ಟರು, ಹೀಗೆಯೇ ಮೇಲೆ ಕೆಳಗೆ ಆಗುತ್ತ ಬರುತ್ತದೆ ಎಂದರು.

ಒಂದು ಮಧ್ಯಾಹ್ನ ನಾನು ಮನೆಗೆ ಬಂದಾಗ ಲಿಲ್ಲಿ ಕಿಟಕಿಯ ಹತ್ತಿರ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಅದರ ಮುಖವನ್ನೇ ನೋಡುತ್ತಿದ್ದಳು. ನನ್ನನ್ನು ಕಂಡವಳೇ, “ಇದಕ್ಕೆ ಪಿಯಾದ್ ಅಂತ ಇಡಲು ಹೇಳಿದ್ದು ಯಾರು? ಎಂಬತ್ತು ವರ್ಷದ ಮುದುಕಿಯ ಹೆಸರು! ನೀವೆಲ್ಲ ಎಂತ ಮಾಡ್ತಿದ್ರಿ?” ಎಂದಳು. ಒಳಗಿಂದ ಅಮ್ಮ ಕೈಯಲ್ಲಿ ಸೌಟು ಹಿಡಿದುಕೊಂಡೇ ಓಡಿಬಂದರು. ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಹೆಸರು ಆಗಲೇ ಇಗರ್ಜಿಯ ದೀಕ್ಷಾಸ್ನಾನದ ಪುಸ್ತಕಕ್ಕೆ ಏರಿತ್ತು, ಏನೂ ಮಾಡುವಂತಿರಲಿಲ್ಲ. ಅವಳು ಎರಡು ದಿನ ನಮ್ಮೊಡನೆ ಮುಖ ಕೊಟ್ಟು ಮಾತಾಡಲಿಲ್ಲ. ಅಷ್ಟು ಸಂತೋಷದ ಎರಡು ದಿನ ಆ ಮನೆ ಕಂಡಿರಲಿಲ್ಲ.

ಐಸಮ್ಮನೂ ಅಷ್ಟರಲ್ಲಿ ಮನೆಗೆ ಹೋಗಿದ್ದರು. ನಾನು ನನ್ನ ವಾರ್ಡಿಗೆ ಮರಳಿದೆ. ಗಲಾಟೆ ಮಾಡುವ ಬಾಳಂತಿಯರನ್ನು ಕಂಡು ಬೈಯುವುದನ್ನು ಬಿಟ್ಟು, ಮೂಲೆಯ ಮಂಚದಲ್ಲಿ ಸದ್ದಿಲ್ಲದೆ ಮಲಗಿದವರ ಹತ್ತಿರ ಮೊದಲು ಹೋಗಿ ಕೂರುವುದನ್ನು ಶುರುಮಾಡಿದೆ. ಮೂವತ್ತು ವರ್ಷ ಅದನ್ನೇ ಮಾಡಿದೆ. ಹಾಗೆ ಕೂತಲ್ಲೆಲ್ಲ ಕಾಯಿಲೆ ಇರಲಿಲ್ಲ. ಇದ್ದ ಕಡೆ, ದೇವರ ದಯೆಯಿಂದ, ಹೆಚ್ಚಿನವು ಸಿಕ್ಕವು. ಒಂದೆರಡು ಸಿಗದೆ ಹೋದದ್ದೂ ಉಂಟು. ಆ ಮುಖಗಳು ನನಗೆ ಇನ್ನೂ ನೆನಪಿವೆ.

ಸೆಪ್ಟೆಂಬರಿನಲ್ಲಿ ನಮ್ಮವರ ತೆನೆಹಬ್ಬವಾದ ಮೊಂತಿ ಹಬ್ಬ ಕಳೆದು, ಹೊಸ ಅಕ್ಕಿಯ ಊಟ ಮಾಡಿ, ಲಿಲ್ಲಿ ಗಂಡನ ಮನೆಗೆ ಹೊರಟಳು. ಮಾತ್ರೆ ಇನ್ನೂ ಕೆಲವು ತಿಂಗಳು ನುಂಗಬೇಕಿತ್ತು, ನಾನೇ ಪ್ರತಿ ವಾರ ಹೋಗಿ ಕೊಟ್ಟು ಬರುವುದೆಂದು ಮಾತಾಗಿತ್ತು. ದೋಣಿ ದಾಟುವ ಕಡವಿನವರೆಗೆ ನಾನು ಹೋದೆ. ವಿನ್ಸೆಂಟ್ ಟ್ರಂಕು ಹೊತ್ತು ಮೊದಲು ಇಳಿದ. ಲಿಲ್ಲಿ ಮಗುವನ್ನು ನನ್ನ ಕೈಯಿಂದ ತೆಗೆದುಕೊಂಡಳು. “ನಿನ್ನಂಥ ಒಳ್ಳೆಯ...” ಎಂದು ಏನೋ ಹೇಳಲು ಹೋದೆ.

“ಬೇಡ ಬಾಯ್,” ಎಂದಳು. “ಇನ್ನು ನನ್ನನ್ನು ಒಳ್ಳೆಯವಳು ಅಂತ ಯಾರ ಹತ್ತಿರವೂ ಹೇಳಬೇಡ.”

ಹೇಳುವುದಿಲ್ಲ ಎಂದೆ. ಅವಳು ದೋಣಿ ಹತ್ತಿ ಮಧ್ಯದ ಹಲಗೆಯ ಮೇಲೆ ಕೂತಳು.

ದೋಣಿ ದಡ ಬಿಟ್ಟು ಸ್ವಲ್ಪ ಮುಂದೆ ಹೋಗಿತ್ತಷ್ಟೆ, ಸಮುದ್ರದ ಕಡೆಯಿಂದ ಒಂದು ಮಳೆ ಬಂತು. ನಾನು ದಡದಲ್ಲೇ ನಿಂತೆ. ಮಳೆಯ ಸದ್ದನ್ನೂ ನೀರಿನ ಸದ್ದನ್ನೂ ಮೀರಿ ಲಿಲ್ಲಿಯ ಸ್ವರ ಕೇಳಿಸಿತು. “ಎಂತ ಮಾರಾಯಾ ನೀನು, ಕೈಯಲ್ಲಿ ಮಗು ಇರುವುದು ಕಾಣುವುದಿಲ್ವಾ? ಗಾಳಿಯ ಕಡೆಗೇ ತಿರುಗಿಸ್ತಿಯಲ್ಲ! ಆ ತಾಡಪತ್ರಿ ಎಂತಕ್ಕೆ ಉಂಟು, ಪೂಜೆಗಾ? ಎಳಿ ಈಚೆ!” ದೋಣಿಯವನು ಏನೋ ಹೇಳಿರಬೇಕು, ಅದಕ್ಕೆ ಇನ್ನೂ ದೊಡ್ಡ ಉತ್ತರ ಹೋಯಿತು. ವಿನ್ಸೆಂಟನಿಗೂ ಅದರಲ್ಲಿ ಪಾಲು ಸಿಕ್ಕಿತು.

ನನ್ನ ಪಕ್ಕದಲ್ಲಿ ಮುಂದಿನ ದೋಣಿಗೆ ಕಾಯುತ್ತಿದ್ದವರೊಬ್ಬರು ಕೊಡೆ ಮೇಲೆತ್ತಿ ನದಿಯ ಕಡೆ ನೋಡಿದರು. “ಅಬ್ಬ! ಎಂಥ ಜೋರು ಮಾರಾಯ್ರೆ ಆ ಹೆಂಗಸು” ಎಂದರು.

ನನ್ನ ಕಣ್ಣಿಂದ ನೀರು ಹರಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. “ಹೌದು,” ಎಂದೆ, “ನನ್ನ ತಂಗಿ.”